ಚೋಳ ದೊರೆ ಅಧಿರಾಜೇಂದ್ರ ಬದುಕಿದ್ದರೆ? ಕಲ್ಯಾಣದ ಪಟ್ಟದ ಪರ್ಯಾಯ ಇತಿಹಾಸ

ಮೊದಲು ನಡೆದದ್ದನ್ನು ನೋಡೋಣ. 1068ರಲ್ಲಿ ಕಲ್ಯಾಣ ಚಾಲುಕ್ಯರ ದೊರೆ ಆಹವಮಲ್ಲ ಸೋಮೇಶ್ವರ ಕುರುವತ್ತಿಯಲ್ಲಿ ತುಂಗಭದ್ರೆಗಿಳಿದು ಪ್ರಾಣಬಿಟ್ಟ. ಹಿರಿಯ ಮಗ ಇಮ್ಮಡಿ ಸೋಮೇಶ್ವರನಿಗೆ ಪಟ್ಟವಾಯಿತು. 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅಣ್ಣನನ್ನು ಸೋಲಿಸಿ ಸೆರೆಯಲ್ಲಿಟ್ಟ, ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿ 1126ರವರೆಗೆ ಆಳಿದ.

‘1076ರಲ್ಲಿ ಅಣ್ಣನೇ ಗೆದ್ದಿದ್ದರೆ?’ ಎಂಬ ಪ್ರಶ್ನೆ ಎಲ್ಲರಿಗೂ ಥಟ್ಟನೆ ಹೊಳೆಯುತ್ತದೆ. ನನಗೆ ಅದು ಬಡ ಪ್ರಶ್ನೆ ಎನಿಸುತ್ತದೆ. ಅಷ್ಟು ಹೊತ್ತಿಗೆ ಪಕ್ಷಗಳು ನಿಗದಿಯಾಗಿದ್ದವು: ಹೊಯ್ಸಳರು, ಗೋವೆಯ ಕದಂಬರು ತಮ್ಮನ ಕಡೆ, ಚೋಳ ಕುಲೋತ್ತುಂಗ ಅಣ್ಣನ ಕಡೆ. ಚೋಳರು ಚಾಲುಕ್ಯರ ಹಳೆಯ ವೈರಿಗಳು. ಅವರ ದೊರೆ ಕಲ್ಯಾಣದ ಅರಸನ ಜೊತೆ ನಿಂತದ್ದೇಕೆ ಎಂದು ಕೇಳಿದರೆ ನಿಜವಾದ ತಿರುವು ಸಿಗುತ್ತದೆ.

ವಿಕ್ರಮಾದಿತ್ಯ ಚೋಳ ವೀರರಾಜೇಂದ್ರನ ಅಳಿಯ. ರಟ್ಟಪಾಡಿ ಏಳೂವರೆ ಲಕ್ಷವನ್ನು, ಅಂದರೆ ಚಾಲುಕ್ಯ ರಾಜ್ಯವನ್ನೇ, ಅಳಿಯನಿಗೆ ಕೊಟ್ಟೆನೆಂದು ಮಾವನ ಶಾಸನಗಳು ಹೇಳಿಕೊಳ್ಳುತ್ತವೆ. 1070ರಲ್ಲಿ ಮಾವ ತೀರಿಕೊಂಡಾಗ ವಿಕ್ರಮಾದಿತ್ಯ ಕಂಚಿಗೆ ಹೋಗಿ ಭಾವಮೈದುನ ಅಧಿರಾಜೇಂದ್ರನ ಪಟ್ಟವನ್ನು ಭದ್ರಪಡಿಸಿ ಹಿಂದಿರುಗಿದನೆಂದು ಕವಿ ಬಿಲ್ಹಣ ಬರೆಯುತ್ತಾನೆ. ಸ್ವಲ್ಪ ಕಾಲದಲ್ಲೇ ಅಧಿರಾಜೇಂದ್ರ ದಂಗೆಯಲ್ಲಿ ಸತ್ತ. ಆಂಧ್ರದ ವೆಂಗಿಯ ಪೂರ್ವ ಚಾಲುಕ್ಯ ವಂಶದ, ತಾಯಿಯ ಕಡೆಯಿಂದ ಚೋಳನಾದ ಕುಲೋತ್ತುಂಗ ಆ ಸಿಂಹಾಸನವೇರಿದ. ವಿಕ್ರಮಾದಿತ್ಯನ ಹಗೆಯಾದ ಅವನಿಗೆ ಇಮ್ಮಡಿ ಸೋಮೇಶ್ವರ ಸಹಜವಾಗಿಯೇ ಮಿತ್ರನಾದ.

ಈಗ ಇದೊಂದನ್ನೇ ಬದಲಿಸೋಣ: ಅಧಿರಾಜೇಂದ್ರ ದಂಗೆಯಿಂದ ಪಾರಾದ. ಕುಲೋತ್ತುಂಗ ವೆಂಗಿಯ ಆಸೆಗೇ ಸೀಮಿತನಾಗುತ್ತಾನೆ. ಸೋಮೇಶ್ವರನಿಗೆ ದಕ್ಷಿಣದಲ್ಲಿ ಬಲವಾದ ಆಸರೆ ಇರುವುದಿಲ್ಲ. ವಿಕ್ರಮಾದಿತ್ಯನಿಗೆ ಪಟ್ಟ 1076ಕ್ಕಿಂತ ಮೊದಲೇ ದಕ್ಕಬಹುದು, ಅಥವಾ ತುಂಗಭದ್ರೆಯನ್ನು ಗಡಿಯಾಗಿಸಿ ಅಣ್ಣತಮ್ಮಂದಿರು ರಾಜ್ಯ ಹಂಚಿಕೊಳ್ಳಬಹುದು. ಎರಡರಲ್ಲಿ ಯಾವುದಾದರೂ ಅವನು ಚೋಳರ ಋಣದಲ್ಲಿರುವ ಅರಸ. ತನ್ನ ಹೆಸರಿನ ಶಕೆಯನ್ನೇ ಸಾರುವ ಧೈರ್ಯ ಅಂಥವನಿಗೆ ಬರುತ್ತಿತ್ತೆಂದು ನಾನು ನಂಬುವುದಿಲ್ಲ. ಭಾವಮೈದುನನ ಸಾವು ಅವನಿಗೆ ಪೆಟ್ಟು ಕೊಟ್ಟಿತು, ಜೊತೆಗೆ ಅವನನ್ನು ಸ್ವತಂತ್ರನನ್ನಾಗಿಯೂ ಮಾಡಿತು. ಈ ಇಡೀ ಕಥೆಯಲ್ಲಿ ನನ್ನನ್ನು ಬಹಳ ಕಾಡುವ ಅಂಶ ಇದೇ.

ಊಹೆ ಎಲ್ಲಿ ನಿಲ್ಲಬೇಕು? ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದದ್ದು ಇದೇ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದು ಸಾರಿದ ಗ್ರಂಥವದು. ಅರಸ ಬದಲಾಗಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ ಎಂದುಬಿಡುವ ಆಸೆಯಾಗುತ್ತದೆ. ಆದರೆ ಪಟ್ಟದ ಜಗಳದಿಂದ ವಿದ್ವಾಂಸನ ಲೇಖನಿಯವರೆಗೆ ನಡುವಿನ ಕೊಂಡಿಗಳನ್ನು ತೋರಿಸಲು ನಮ್ಮಲ್ಲಿ ಆಧಾರವಿಲ್ಲ. ಆ ಸಾಲನ್ನು ಬರೆಯಬೇಡಿ.

ಬಿಲ್ಹಣನ ವಿಷಯದಲ್ಲೂ ಎಚ್ಚರವಿರಲಿ. ಆಹವಮಲ್ಲ ಯುವರಾಜ ಪಟ್ಟವನ್ನು ಮೊದಲು ವಿಕ್ರಮಾದಿತ್ಯನಿಗೇ ಕೊಡಬಯಸಿದ್ದ, ಅಣ್ಣನಿರುವಾಗ ತನಗೆ ಬೇಡವೆಂದು ಅವನು ನಿರಾಕರಿಸಿದ ಎನ್ನುವುದು ಬಿಲ್ಹಣನ ಮಾತು. ಅವನು ಗೆದ್ದವನ ಆಸ್ಥಾನಕವಿ. ಅಣ್ಣನನ್ನು ಸೆರೆಗೆ ತಳ್ಳಿದ ಒಡೆಯನಿಗೆ ಅವನು ಇದಕ್ಕಿಂತ ಒಳ್ಳೆಯ ಸಮರ್ಥನೆ ಒದಗಿಸಲು ಸಾಧ್ಯವಿರಲಿಲ್ಲ. ಹಾಗಾಗಿ ನಮ್ಮ ಬದಲಾವಣೆಯನ್ನು ಆ ನಿರಾಕರಣೆಯ ಮೇಲೆ ಕಟ್ಟುವುದಕ್ಕಿಂತ 1070ರ ದಂಗೆಯ ಮೇಲೆ ಕಟ್ಟುವುದೇ ಗಟ್ಟಿ.