‘ಚಹಾ ಚಾಂಗ್ಲಾ ಆಹೆ’ ಅನ್ನಬಲ್ಲವರಿಗೆ ಎಸ್ಪೆರಾಂಟೊ

ಪ್ರಶ್ನೆ: ನಾನು ಅಕ್ಕಲಕೋಟದವಳು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಈಗ ಎಸ್ಪೆರಾಂಟೊ ಕಲಿಯುತ್ತಿದ್ದೇನೆ, ಬೇರೆ ಬೇರೆ ನುಡಿಯವರು ಮಾತಾಡಿಕೊಳ್ಳಲೆಂದು ಕಟ್ಟಿದ ಭಾಷೆ. ಅದರಲ್ಲಿ ಬರಿಯ ‘ಸಿ’ ಒಂದು, ತಲೆಯ ಮೇಲೆ ಟೊಪ್ಪಿಗೆ ಇಟ್ಟ ‘ಸಿ’ ಇನ್ನೊಂದು. ನನ್ನ ಬಾಯಲ್ಲಿ ಎರಡೂ ‘ಚ’ ಆಗುತ್ತವೆ. ಏನು ಮಾಡಲಿ?

ಉತ್ತರ: ‘ಚಹಾ ಚಾಂಗ್ಲಾ ಆಹೆ’ (ಚಹಾ ಚೆನ್ನಾಗಿದೆ) ಅಂತ ಪೇಟೆಯಲ್ಲಿ ಅನ್ನುವ ಹಾಗೇ ಒಮ್ಮೆ ಅನ್ನಿ. ಚಹಾದ ಚ ನಮ್ಮ ಕನ್ನಡದ್ದೇ. ಆದರೆ ಎರಡನೆಯ ಪದ ನಿಮ್ಮ ಬಾಯಿಂದ ಬಂದದ್ದು ‘ತ್ಸಾಂಗ್ಲಾ’ ಅಂತ, ಹೌದಲ್ಲವೇ? ಮರಾಠಿ ಎರಡನ್ನೂ ಒಂದೇ ಅಕ್ಷರದಲ್ಲಿ ಬರೆಯುತ್ತದೆ, ಹಾಗಾಗಿ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಎಸ್ಪೆರಾಂಟೊದ ಬರಿಯ ‘ಸಿ’ ಈ ತ್ಸ. ಟೊಪ್ಪಿಗೆಯದು ಚಹಾದ ಚ. ಅಂದರೆ ನೀವು ಹೊಸದಾಗಿ ಕಲಿಯುವುದು ಸದ್ದನ್ನಲ್ಲ, ಬರವಣಿಗೆಯನ್ನು.

ಮರಾಠಿ ಬಾರದವರು ‘ಉತ್ಸವ’ ಅಂದು, ಆಮೇಲೆ ‘ಉ’ ನುಂಗಿಬಿಡಲಿ. ನಾಲಗೆಯ ತುದಿ ಹಲ್ಲಿನ ಹಿಂದೆಯೇ ಇರಬೇಕು. ಅಂಗುಳಿನತ್ತ ಜಾರಿದರೆ ಚ ಆಯಿತು.

ಜಾರಿದರೆ ಅರ್ಥವೂ ಜಾರುತ್ತದೆ. ‘ತ್ಸೇಲೋ’ ಗುರಿ, ‘ಚೇಲೋ’ ಜೀವಕೋಶ, ‘ಸೇಲೋ’ ಕುದುರೆಯ ತಡಿ, ‘ಶೇಲೋ’ ಸಿಪ್ಪೆ. ಇಂಗ್ಲಿಷ್ ರೂಢಿಯಲ್ಲಿ ‘ಸಿ’ಯನ್ನು ಸ ಎಂದು ಓದುವವರು ಗುರಿ ಬಿಟ್ಟು ತಡಿ ಹಿಡಿಯುತ್ತಾರೆ. ನನಗೆ ಕಂಡಂತೆ ಚ ಅನ್ನುವ ತಪ್ಪಿಗಿಂತ ಇದೇ ಹೆಚ್ಚು.

‘ಸಿ’ಗೆ ಈ ತ್ಸ ಯಾಕೆ ಅಂದರೆ, ಈ ಭಾಷೆ ಕಟ್ಟಿದ ಜಾಮೆನ್‌ಹಾಫ್ ಹುಟ್ಟಿದ್ದು ಈಗ ಪೋಲೆಂಡಿನಲ್ಲಿರುವ ಬಿಯಾಲಿಸ್ಟಾಕ್‌ನಲ್ಲಿ. ಪೋಲಿಷ್, ರಷ್ಯನ್, ಜರ್ಮನ್, ಯಿಡ್ಡಿಷ್ ಎಲ್ಲ ಒಂದೇ ಬೀದಿಯಲ್ಲಿ ಕೇಳುತ್ತಿದ್ದ ಊರು, ನಮ್ಮ ಗಡಿಯಂಥದ್ದೇ. ಪೋಲಿಷರ ‘ಸಿ’ ಕೂಡ ತ್ಸ. 1887ರಲ್ಲಿ ವಾರ್ಸಾದಲ್ಲಿ ಮೊದಲ ಪುಸ್ತಕ ಬಂದಾಗಿನಿಂದಲೂ ಒಂದು ಅಕ್ಷರಕ್ಕೆ ಒಂದೇ ಸದ್ದು ಅನ್ನುವ ಕಟ್ಟಳೆ. ಒಟ್ಟು 28 ಅಕ್ಷರ.

ನಿಜವಾಗಿ ಕಾಡುವುದು ಬೇರೆ ಜೋಡಿ: ಟೊಪ್ಪಿಗೆಯ ‘ಜಿ’ ಮತ್ತು ಟೊಪ್ಪಿಗೆಯ ‘ಜೆ’. ಮೊದಲನೆಯದು ನಮ್ಮ ಜ. ‘ಆಜೋ’ ಅಂದರೆ ವಯಸ್ಸು. ಎರಡನೆಯದು ಕನ್ನಡದಲ್ಲೂ ಇಲ್ಲ, ಮರಾಠಿಯಲ್ಲೂ ಇಲ್ಲ. ‘ಟೆಲಿವಿಷನ್’ನಲ್ಲಿ ಇಂಗ್ಲಿಷರು ಆಡುವ, ನಾವು ಷ ಮಾಡಿ ಮುಗಿಸುವ ಸದ್ದು ಅದು. ಗಂಟಲ ಮೇಲೆ ಬೆರಳಿಟ್ಟು ‘ಶ್ಶ್ಶ್’ ಎಂದು ಎಳೆಯಿರಿ. ಬೆರಳಿಗೆ ಏನೂ ತಾಗದು. ನಾಲಗೆ ಕದಲಿಸದೆ ದನಿ ಕೊಡಿ. ಬೆರಳಿಗೆ ದುಂಬಿ ಗುಂಯ್‌ಗುಟ್ಟಿದಂತಾದರೆ ಸಿಕ್ಕಿತು. ಇದನ್ನು ಹಾಕಿ ಅದೇ ಪದ ಅಂದರೆ ‘ವಸ್ತು’ ಎಂದರ್ಥ. ಅಜ್ಜಿಯ ವಯಸ್ಸು ಕೇಳುವಾಗ ಜೋಪಾನ.

ಟೊಪ್ಪಿಗೆಯ ‘ಎಚ್’ ಉರ್ದುವಿನವರ ‘ಖಬರ್’ನ ಖ. ಬಳಕೆ ತೀರಾ ಕಡಿಮೆ, ಎಷ್ಟೋ ಪದಗಳಲ್ಲಿ ಅದರ ಜಾಗಕ್ಕೆ ಕ ಬಂದು ಕೂತಿದೆ. ಅದಕ್ಕಾಗಿ ಈಗಲೇ ಗಂಟಲು ಕೆರೆದುಕೊಳ್ಳಬೇಡಿ.