ಬೇಬಲ್ ಬಿಟ್ಟರೆ ಟೈಪ್ ತಪಾಸಣೆ ತಪ್ಪಿಹೋಗುತ್ತದೆಯೇ?

ಪುಣೆಯ ಹಿಂಜವಡಿಯ ಕಚೇರಿಗಳಲ್ಲಿ ದುಡಿಯುತ್ತ, ಭಾನುವಾರ ವಾಕಡ್‌ನ ನನ್ನ ಮನೆಗೆ ಕಲಿಯಲು ಬರುವ ನಮ್ಮ ಕನ್ನಡದ ಹುಡುಗರು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಸರ್, ಒಂದು ಸಾಲು ತಿದ್ದಿ ಸೇವ್ ಮಾಡಿದರೂ ಡೆವ್ ಸರ್ವರ್ ಕಾಯಿಸುತ್ತದೆ. ಬೇಬಲ್ ಬದಲು ಎಸ್‌ಡಬ್ಲ್ಯೂಸಿ ಹಾಕಿಕೊಂಡರೆ ವೇಗ ಸಿಗುತ್ತದೆ, ಆದರೆ ಟೈಪ್ ತಪ್ಪುಗಳು ಸಿಕ್ಕುವುದಿಲ್ಲವಂತೆ, ಹೌದೇ?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದಿಡುತ್ತಿದ್ದೇನೆ. ಟೈಪ್‌ಸ್ಕ್ರಿಪ್ಟ್ ಎಂದರೆ ಟೈಪ್‌ಗಳನ್ನು, ಅಂದರೆ ಎಲ್ಲಿ ಸಂಖ್ಯೆ ಇರಬೇಕು, ಎಲ್ಲಿ ಪಠ್ಯ ಇರಬೇಕು ಎಂಬುದನ್ನು, ಗುರುತಿಸಿಡುವ ಜಾವಾಸ್ಕ್ರಿಪ್ಟ್. ಹಾಗೆ ಬರೆದದ್ದನ್ನು ಬ್ರೌಸರಿಗೆ ಅರ್ಥವಾಗುವ ಜಾವಾಸ್ಕ್ರಿಪ್ಟ್‌ಗೆ ಇಳಿಸುವ ಪರಿವರ್ತಕಗಳು (ಕಂಪೈಲರ್) ಬೇಬಲ್ ಮತ್ತು ಎಸ್‌ಡಬ್ಲ್ಯೂಸಿ. ಡೆವ್ ಸರ್ವರ್ ಎಂದರೆ ಕೆಲಸದ ನಡುವೆ ಅದನ್ನು ಬ್ರೌಸರಿನಲ್ಲಿ ತೋರಿಸುವ ಪ್ರೋಗ್ರಾಂ.

ವೇಗದ ಮಾತು ಚಿಕ್ಕದು. ಬೇಬಲ್ ಸ್ವತಃ ಜಾವಾಸ್ಕ್ರಿಪ್ಟ್ ಆಗಿ, ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ (Node) ಮೇಲೆ ಓಡುತ್ತದೆ. ಎಸ್‌ಡಬ್ಲ್ಯೂಸಿಯನ್ನು ರಸ್ಟ್ ಎಂಬ ಭಾಷೆಯಲ್ಲಿ ಬರೆದು ಮೊದಲೇ ಯಂತ್ರಭಾಷೆಗೆ ಇಳಿಸಲಾಗಿದೆ. 2021ರ ಅಕ್ಟೋಬರ್‌ನಲ್ಲಿ, ವೆಬ್‌ಸೈಟ್ ಕಟ್ಟುವ ಚೌಕಟ್ಟಾದ ನೆಕ್ಸ್ಟ್‌ಜೆಎಸ್‌ನ 12ನೇ ಆವೃತ್ತಿ ಬೇಬಲ್‌ನ ಜಾಗಕ್ಕೆ ಎಸ್‌ಡಬ್ಲ್ಯೂಸಿಯನ್ನು ತಂದಾಗ, ತಿದ್ದಿದ್ದು ಪರದೆಗೆ ಬರುವುದು ಸುಮಾರು 3 ಪಟ್ಟು, ಬಿಲ್ಡ್ (ಪ್ರಕಟಿಸಲು ಇಡೀ ಪ್ರಾಜೆಕ್ಟನ್ನು ಸಿದ್ಧಪಡಿಸುವುದು) ಸುಮಾರು 5 ಪಟ್ಟು ಬೇಗವಾಯಿತೆಂದು ಅದನ್ನು ರೂಪಿಸಿದವರೇ ತಿಳಿಸಿದರು.

ಇನ್ನು ಟೈಪ್ ತಪಾಸಣೆಯ ವಿಷಯ. ಎಸ್‌ಡಬ್ಲ್ಯೂಸಿ ಟೈಪ್‌ಗಳನ್ನು ಪರೀಕ್ಷಿಸುವುದಿಲ್ಲ ಎಂಬುದು ನಿಜ. ಆದರೆ ನೀವು ಇಷ್ಟು ದಿನ ನಂಬಿಕೊಂಡಿದ್ದ ಬೇಬಲ್ ಕೂಡ ಒಂದು ದಿನವೂ ಪರೀಕ್ಷಿಸಿರಲಿಲ್ಲ! ನಿಮ್ಮ ಫಂಕ್ಷನ್ನಿನಲ್ಲಿ ‘ಬೆಲೆ: ನಂಬರ್’ ಎಂದಿದ್ದರೆ, ಬೇಬಲ್ ಆಗಲಿ ಎಸ್‌ಡಬ್ಲ್ಯೂಸಿ ಆಗಲಿ, ಕೋಲನ್ನನ್ನೂ ನಂಬರನ್ನೂ ಅಳಿಸಿ ‘ಬೆಲೆ’ಯೊಂದನ್ನೇ ಉಳಿಸುತ್ತದೆ. ಬೇರೊಂದು ಕಡತದಲ್ಲಿ ನೀವು ಅದೇ ಫಂಕ್ಷನ್ನಿಗೆ ‘ಇನ್ನೂರು’ ಎಂಬ ಸ್ಟ್ರಿಂಗ್ (ಪಠ್ಯ) ಕಳುಹಿಸಿದ್ದೀರೋ ಎಂದು ನೋಡಲು ಆ ಕಡತವನ್ನೂ ಓದಿರಬೇಕಾಗುತ್ತದೆ, ಆದರೆ ಇವೆರಡೂ ಒಂದೊಂದು ಕಡತವನ್ನು ಪ್ರತ್ಯೇಕವಾಗಿ ಪರಿವರ್ತಿಸುವಂಥವು. ಎಡಿಟರಿನಲ್ಲಿ ಕಾಣುವ ಕೆಂಪು ಗೀಟು ಟೈಪ್‌ಸ್ಕ್ರಿಪ್ಟ್‌ನ ತಪಾಸಕ ಎಳೆದದ್ದು. ನೆಕ್ಸ್ಟ್‌ಜೆಎಸ್‌ನಲ್ಲಿ ಬಿಲ್ಡ್ ಹೊತ್ತಿಗೆ ನಡೆಯುವ ತಪಾಸಣೆಯೂ ಅದರದೇ ಕೆಲಸ. ಪರಿವರ್ತಕ ಬದಲಾದರೆ ತಪಾಸಕನಿಗೆ ಏನೂ ಆಗುವುದಿಲ್ಲ. ಕೆಲಸದ ನಡುವೆಯೂ ಇಡೀ ಪ್ರಾಜೆಕ್ಟಿನ ತಪ್ಪುಗಳು ಕಾಣಬೇಕಿದ್ದರೆ, ಇನ್ನೊಂದು ಟರ್ಮಿನಲ್ಲಿನಲ್ಲಿ ಟಿಎಸ್‌ಸಿಯನ್ನು (ಟೈಪ್‌ಸ್ಕ್ರಿಪ್ಟ್‌ನ ಅದೇ ತಪಾಸಕ) ನೋಎಮಿಟ್ (ಕಡತ ಬರೆಯಬೇಡ) ಮತ್ತು ವಾಚ್ (ಬದಲಾದಾಗಲೆಲ್ಲ ಮತ್ತೆ ನೋಡು) ಆಯ್ಕೆಗಳೊಂದಿಗೆ ಓಡಲು ಬಿಡಿ. ಅದು ಎಷ್ಟೇ ಹೊತ್ತು ತೆಗೆದುಕೊಂಡರೂ ಬ್ರೌಸರ್ ಅದಕ್ಕಾಗಿ ಕಾಯುವುದಿಲ್ಲ.

ಹೋದ ತಿಂಗಳು ಬಾಗಲಕೋಟೆಯ ಹುಡುಗಿಯೊಬ್ಬಳು ‘ನೆಕ್ಸ್ಟ್‌ಜೆಎಸ್ ಹೊಸದಕ್ಕೆ ಏರಿಸಿದೆ, ವೇಗ ಬರಲಿಲ್ಲ’ ಎಂದು ಲ್ಯಾಪ್‌ಟಾಪ್ ಹಿಡಿದು ಬಂದಳು. ಮುಖ್ಯ ಫೋಲ್ಡರಿನಲ್ಲಿ ಬೇಬಲ್‌ನ ಆಯ್ಕೆಗಳನ್ನು ಬರೆದಿಡುವ ಹಳೆಯ ಬೇಬಲ್‌ಆರ್‌ಸಿ ಕಡತ ಹಾಗೇ ಉಳಿದಿತ್ತು. ಅದು ಕಂಡರೆ ನೆಕ್ಸ್ಟ್‌ಜೆಎಸ್ ತಾನಾಗಿ ಬೇಬಲ್‌ಗೆ ಮರಳುತ್ತದೆ. ಅದರಲ್ಲಿದ್ದ ಒಂದೇ ಪ್ಲಗಿನ್ನು ಸ್ಟೈಲ್ಡ್ ಕಾಂಪೊನೆಂಟ್ಸ್ (ಪುಟದ ಅಲಂಕಾರವನ್ನು ಕೋಡಿನೊಳಗೇ ಬರೆಯುವ ಲೈಬ್ರರಿ) ಎಂಬುದರದು, ಅದಕ್ಕೆ ನೆಕ್ಸ್ಟ್‌ಜೆಎಸ್‌ನ ಕಂಪೈಲರ್ ಸಂರಚನೆಯಲ್ಲೇ ಆಯ್ಕೆಯಿದೆ. ಅದನ್ನು ಚಾಲೂ ಮಾಡಿ ಕಡತವನ್ನು ಅಳಿಸಿದೆವು.

ಅವಳು ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆಯೊಂದು ಅಲ್ಲೇ ಕಣ್ಣಿಗೆ ಬಿತ್ತು: ಕಂಪೈಲರಿಗೆ ನಾವು ಎಷ್ಟು ಕೆಲಸ ಕೊಡುತ್ತಿದ್ದೇವೆ? ಒಂದು ಕಸದ ಬುಟ್ಟಿಯ ಚಿತ್ರಕ್ಕಾಗಿ ಆಕೆ ಎಂಯುಐ ಎಂಬ ಲೈಬ್ರರಿಯ ಐಕಾನ್‌ಗಳ ಇಡೀ ಪ್ಯಾಕೇಜಿನ ಹೆಸರಿನಲ್ಲಿ ಇಂಪೋರ್ಟ್ ಮಾಡಿದ್ದಳು. ಅದರಲ್ಲಿ 2,000ಕ್ಕೂ ಹೆಚ್ಚು ಐಕಾನ್‌ಗಳಿವೆ, ಡೆವ್ ಸರ್ವರ್ ಅಷ್ಟನ್ನೂ ಓದಲು ಹೊರಡಬಹುದು. ಬೇಕಾದ ಐಕಾನನ್ನು ಅದರದೇ ಕಡತದ ಪಥದಿಂದ ಇಂಪೋರ್ಟ್ ಮಾಡಿ.