ಕೀವು ಕಟ್ಟದ ಗಾಯ: ‘ಲ್ಯೂಕೋಸೈಟ್ ಅಡ್ಹೀಶನ್ ಡೆಫಿಶಿಯನ್ಸಿ’ ಅಂದರೇನು?

ಲ್ಯೂಕೋಸೈಟ್ ಅಂದರೆ ಬಿಳಿ ರಕ್ತಕಣ. ಅಡ್ಹೀಶನ್ ಅಂದರೆ ಅಂಟಿಕೊಳ್ಳುವುದು. ಡೆಫಿಶಿಯನ್ಸಿ ಅಂದರೆ ಕೊರತೆ. ಬಿಳಿ ರಕ್ತಕಣಗಳಿಗೆ ಅಂಟಿಕೊಳ್ಳಲು ಬಾರದಂತೆ ಮಾಡುವ, ಹುಟ್ಟಿನಿಂದಲೇ ಬರುವ ಅಪರೂಪದ ಕಾಯಿಲೆ ಇದು.

ಅಂಟಿಕೊಳ್ಳದಿದ್ದರೆ ಏನಾಗುತ್ತದೆ? ಬಿಳಿಕಣಗಳು ರಕ್ತದ ಜೊತೆ ಸುಮ್ನೆ ಹರಿದು ಹೋಗುತ್ತಿರುತ್ತವೆ. ಎಲ್ಲಾದರೂ ಸೋಂಕು ತಗುಲಿದರೆ ಅಲ್ಲಿ ರಕ್ತನಾಳದ ಒಳಗೋಡೆಯ ಮೇಲೆ ಉರುಳುತ್ತಾ ನಿಧಾನವಾಗಬೇಕು, ಗಟ್ಟಿಯಾಗಿ ಕಚ್ಚಿಕೊಳ್ಳಬೇಕು, ಆಮೇಲೆ ಸಂದಿಯಲ್ಲಿ ನುಸುಳಿ ಹೊರಗೆ ಹೋಗಬೇಕು. ಕಚ್ಚಿಕೊಳ್ಳುವ ಕೊಕ್ಕೆಯ ಒಂದು ತುಂಡು ಸಿಡಿ18 ಎಂಬ ಪ್ರೋಟೀನ್. ಅದರ ಜೀನ್ 21ನೇ ಕ್ರೋಮೋಸೋಮಿನಲ್ಲಿದೆ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದ ಮಗುವಿಗೆ ಈ ಕೊಕ್ಕೆ ಇರುವುದಿಲ್ಲ, ಇದ್ದರೂ ತೀರಾ ಕಡಿಮೆ.

ಹೀಗಾಗಿ ರಕ್ತದ ರಿಪೋರ್ಟಿನಲ್ಲಿ ಬಿಳಿಕಣ ಕಡಿಮೆಯಲ್ಲ, ಜಾಸ್ತಿಯೇ ಕಾಣುತ್ತದೆ. ಸೋಂಕು ಬಂದಾಗ ಒಂದು ಮೈಕ್ರೋಲೀಟರಿಗೆ 1 ಲಕ್ಷ ದಾಟುವುದೂ ಉಂಟು. ದೊಡ್ಡವರಲ್ಲಿ ಸಾಮಾನ್ಯವಾಗಿ ಇರುವುದು 4,000ದಿಂದ 11,000. ಅಷ್ಟೊಂದು ಕಣಗಳಿದ್ದರೂ ಗಾಯದ ಹತ್ತಿರ ಒಂದೂ ಇಳಿಯದಿರಬಹುದು. ಕೀವು ಕಂಡರೆ ನಮಗೆ ಅಸಹ್ಯ, ಅಲ್ವಾ? ಆದರೆ ಕೀವಿನಲ್ಲಿ ಬಹುಪಾಲು ಸತ್ತ ಬಿಳಿಕಣಗಳೇ. ಅವು ಬಂದು ಹೋರಾಡಿದ್ದರ ಗುರುತು ಅದು. ಈ ಮಕ್ಕಳ ಗಾಯದಲ್ಲಿ ಕೀವೇ ಕಟ್ಟುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ.

ಮೊದಲ ಸುಳಿವು ಎಷ್ಟೋ ಸಲ ಹೊಕ್ಕುಳಬಳ್ಳಿ. ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಉದುರುವ ಬಳ್ಳಿ ಇಲ್ಲಿ ಮೂರು ವಾರ ಕಳೆದರೂ ಉಳಿದು, ಬುಡದಲ್ಲಿ ಸೋಂಕಾಗುತ್ತದೆ. ಬಳ್ಳಿ ತಡವಾದ ಮಾತ್ರಕ್ಕೆ ಹೆದರಬೇಡಿ, ಆರೋಗ್ಯವಂತ ಮಕ್ಕಳಲ್ಲೂ ಹಾಗಾಗುತ್ತದೆ. ಜೊತೆಗೆ ಪದೇ ಪದೇ ಸೋಂಕು, ಜಾಸ್ತಿಯಾಗಿಯೇ ಉಳಿಯುವ ಬಿಳಿಕಣಗಳ ಸಂಖ್ಯೆ ಇದ್ದರೆ ಮಾತ್ರ ಸಿಡಿ18 ಪರೀಕ್ಷೆ ಮಾಡಿಸಿ ಎಂದು ಡಾಕ್ಟರನ್ನು ಕೇಳಿ. ಫ್ಲೋ ಸೈಟೋಮೆಟ್ರಿ ಎಂಬ ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಈ ಕಾಯಿಲೆಯ ಮೊದಲನೇ ಬಗೆ, ಹೆಚ್ಚಾಗಿ ಕಾಣುವುದೂ ಇದೇ. ಇನ್ನೆರಡು ಬಗೆಗಳು ಇನ್ನೂ ಅಪರೂಪ. ಮೂರನೆಯದರಲ್ಲಿ ರಕ್ತಸ್ರಾವದ ತೊಂದರೆಯೂ ಇರುತ್ತದೆ.

ಸಿಡಿ18 ಸ್ವಲ್ಪ ಉಳಿದವರು ದೊಡ್ಡವರಾಗುತ್ತಾರೆ, ಆದರೆ ಒಸಡಿನ ಕಾಯಿಲೆ ಬಿಡದೆ ಕಾಡುತ್ತದೆ. ಸಿಡಿ18 ಸಾಮಾನ್ಯ ಮಟ್ಟದ ಶೇ. 2ಕ್ಕಿಂತ ಕಡಿಮೆಯಿದ್ದರೆ ಆಂಟಿಬಯೋಟಿಕ್ ಒಂದೇ ಸಾಲದು. ಅಸ್ಥಿಮಜ್ಜೆಯ ಕಸಿ ಬೇಕು, ಅದೂ ಬೇಗ. ಹೊಸ ಮಜ್ಜೆಯಲ್ಲಿ ಹುಟ್ಟುವ ಕಣಗಳಿಗೆ ಕೊಕ್ಕೆ ಇರುತ್ತದೆ.